ಪದಪಟ್ಟಿ ಉರು ಹೊಡೆಸೋದು ಸಾಕು ಮಾಡಿ

ಮೊದಲೇ ಹೇಳ್ಬಿಡ್ತೀನಿ, ಇವತ್ತು ಇಲ್ಲಿ ಹುಳಿಪುಡಿ ಅಳತೆ ಸಿಗಲ್ಲ, ಉಪ್ಪಿನಕಾಯಿ ಸಮಾಚಾರಾನೂ ಇಲ್ಲ. ಇವತ್ತು ಜಗಳ. ಅದೂ ನಿಮ್ಮ ಜೊತೇಲೇ. ಅಕ್ಕಂದಿರು, ವಾರಗಿತ್ತಿಯರು, ನಾದಿನಿಯರು, ನಮ್ಮ ಬೀದಿಯ ಅಮ್ಮಂದಿರು, ಎಲ್ಲರೂ ಕಾಫಿ ಲೋಟ ಹಿಡ್ಕೊಂಡು ಕೂತ್ಕೊಳ್ಳಿ. ಓದಿ ಮುಗಿಸಿ, ಆಮೇಲೆ ಬೇಕಾದಷ್ಟು ಬೈಯಿರಿ.

ಜಗಳಕ್ಕೆ ಕಾರಣ ಇಂಗ್ಲಿಷ್ ಪದಪಟ್ಟಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ, ಯಾರ ಮನೆಗೆ ಹೋದ್ರೂ ಇದೇ. ಪಿಯುಸಿ ಓದೋ ಮಗಳಿದ್ರೆ ಸ್ಯಾಟ್ ಇಲ್ಲವೇ ಕ್ಲಾಟ್, ಇಂಜಿನಿಯರಿಂಗ್ ಮೂರನೇ ವರ್ಷದ ಮಗ ಇದ್ರೆ ಜಿಆರ್‌ಇ, ಡಿಗ್ರಿ ಮುಗಿಸಿದವರಿದ್ರೆ ಕ್ಯಾಟ್. ಪರೀಕ್ಷೆಯ ಹೆಸರು ಬೇರೆ ಬೇರೆ, ಮನೆ ಗೋಡೆ ಮಾತ್ರ ಒಂದೇ ಥರ. ಫ್ರಿಜ್ ಮೇಲೆ, ಬೀರು ಬಾಗಿಲ ಮೇಲೆ, ಬಚ್ಚಲಮನೆ ಕನ್ನಡಿ ಪಕ್ಕ, ಎಲ್ಲಾ ಕಡೆ ಚೀಟಿ. ಕೆಲವರದ್ದು 333 ಪದದ ಪಟ್ಟಿ, ಕೆಲವರದ್ದು 1000, ಅಣ್ಣನ ಕಾಲದ ಬ್ಯಾರನ್ಸ್ ಪುಸ್ತಕ ಜೋಪಾನವಾಗಿ ಇಟ್ಕೊಂಡಿರೋರ ಮನೇಲಿ 3500. ಮಗು ಊಟಕ್ಕೆ ಕೂತು ಅನ್ನ ಕಲಸೋ ಮುಂಚೆ, "ಎಲ್ಲಿ, ಇವತ್ತಿನ ಮೂವತ್ತು ಪದ ಒಪ್ಪಿಸು" ಅನ್ನೋ ಧ್ವನಿ.

ನನ್ನ ಮಾತು ಇಷ್ಟೇ. ಪದಸಂಪತ್ತು ಬೇಕು, ಬೇಡ ಅಂತ ನಾನು ಹೇಳಲ್ಲ. ಆದ್ರೆ ಪಟ್ಟಿ ಉರು ಹೊಡೆಸಿ ಪದಸಂಪತ್ತು ಬರಿಸ್ತೀವಿ ಅನ್ನೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಕೈ ನೋಯುತ್ತೆ, ಹಣ್ಣೂ ಕರಗಿ ಹೋಗುತ್ತೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಈ ಪಟ್ಟಿಯ ಹೆಸರು ಹೇಳ್ಕೊಂಡು ನಾವು ಮನೆಯಿಂದ ಎರಡನ್ನ ಹೊರಗೆ ಹಾಕ್ತಾ ಇದೀವಿ. ಒಂದು ಕಥೆಪುಸ್ತಕ, ಇನ್ನೊಂದು ಕನ್ನಡ. ಮಕ್ಕಳಿಗೆ ನಿಜವಾಗಿ ಪದ ಕೊಡೋದು ಆ ಎರಡೇ.

ಈ ಪಟ್ಟಿಯ ಹುಚ್ಚು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಅದಕ್ಕೂ ಒಂದು ಕಾಲ ಇತ್ತು. ಅಮೆರಿಕದಲ್ಲಿ ಸ್ಯಾಟ್ ಮೊದಲ ಸಲ ನಡೆದಿದ್ದು 1926ರಲ್ಲಿ. ಆಗಿಂದ್ಲೂ ಅದರಲ್ಲಿ ಒಂಟಿ ಪದ ಕೊಟ್ಟು "ಇದರ ವಿರುದ್ಧಾರ್ಥ ಯಾವುದು" ಅಂತ ಕೇಳ್ತಿದ್ರು, ಇಲ್ಲವೇ "ಇದಕ್ಕೆ ಅದು ಹೇಗೋ, ಅದಕ್ಕೆ ಇದು ಹಾಗೆ" ಅನ್ನೋ ಜೋಡಿಪದದ ಪ್ರಶ್ನೆ. ಜಿಆರ್‌ಇಯಲ್ಲೂ ಅದೇ ಮಾದರಿ. ಅಂಥ ಪರೀಕ್ಷೆಗೆ ಪಟ್ಟಿ ಉರು ಹೊಡೆದ್ರೆ ಒಂದಷ್ಟು ಪ್ರಯೋಜನ ಇತ್ತು, ಒಪ್ಕೋತೀನಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯಿಂದ ಎಂ.ಎಸ್. ಮಾಡೋಕೆ ಹೋದ ಹುಡುಗರೆಲ್ಲ ಹಾಗೇ ಓದಿ ಹೋದೋರು. ಈಗ ಅವರೇ ಭಾವ, ದೊಡ್ಡಪ್ಪ, ಸೋದರಮಾವ ಆಗಿ ಕೂತಿದಾರೆ. ವಿಡಿಯೋ ಕಾಲ್‌ನಲ್ಲಿ ಅವರು ಕೊಡೋ ಸಲಹೆ ಆ ಕಾಲದ್ದು. "ದಿನಕ್ಕೆ ಐವತ್ತು ಪದ ಹೊಡೀತಿದ್ವಿ ನಾವು" ಅಂತಾರೆ. ಹೊಡೆದಿರಬಹುದು. ಆ ಪರೀಕ್ಷೆ ಈಗಿಲ್ಲ.

ಹೌದು ಕಣ್ರೀ, ಆ ಪರೀಕ್ಷೆ ಈಗಿಲ್ಲ. ಸ್ಯಾಟ್‌ನಲ್ಲಿ ವಿರುದ್ಧಾರ್ಥದ ಪ್ರಶ್ನೆ 1994ರಲ್ಲೇ ಹೋಯ್ತು. ಜೋಡಿಪದ 2005ರಲ್ಲಿ ಹೋಯ್ತು. 2016ರಲ್ಲಿ ಬಿಟ್ಟ ಸ್ಥಳ ತುಂಬೋ ಹಳೇ ಪ್ರಶ್ನೇನೂ ತೆಗೆದ್ರು. 2023ರ ಮಾರ್ಚಿಂದ ನಮ್ಮ ದೇಶದ ಮಕ್ಕಳೂ ಕಂಪ್ಯೂಟರಿನಲ್ಲೇ ಬರೀತಾರೆ. 25ರಿಂದ 150 ಪದದ ಪುಟ್ಟ ಪುಟ್ಟ ಪ್ಯಾರಾ, ಒಂದು ಪ್ಯಾರಾಕ್ಕೆ ಒಂದೇ ಪ್ರಶ್ನೆ. ಪದದ ಪ್ರಶ್ನೆ ಇದೆ, ಆದ್ರೆ ಪ್ಯಾರಾ ಒಳಗೆ ಕೂತಿರೋ ಪದದ್ದು. ಜಿಆರ್‌ಇ ನಡೆಸೋ ಇಟಿಎಸ್ ಸಂಸ್ಥೆ 2011ರ ಆಗಸ್ಟ್‌ನಲ್ಲಿ ವಿರುದ್ಧಾರ್ಥ, ಜೋಡಿಪದ ಎರಡನ್ನೂ ಒಟ್ಟಿಗೆ ಕಿತ್ತು ಹಾಕ್ತು. 2023ರ ಸೆಪ್ಟೆಂಬರಿಂದ ಆ ಪರೀಕ್ಷೆ ಎರಡು ಗಂಟೆಗೂ ಒಳಗೇ ಮುಗಿಯುತ್ತೆ. ಇಂಗ್ಲಿಷ್ ಭಾಗಕ್ಕೆ 41 ನಿಮಿಷ, 27 ಪ್ರಶ್ನೆ. ಅದರಲ್ಲಿ ಹೆಚ್ಚೂ ಕಡಿಮೆ ಅರ್ಧ ಪ್ಯಾರಾ ಓದಿ ಉತ್ತರಿಸೋದು. ಉಳಿದರ್ಧ ವಾಕ್ಯದಲ್ಲಿ ಬಿಟ್ಟ ಜಾಗ ತುಂಬೋದು.

ಅಷ್ಟು ದೂರ ಯಾಕೆ, ನಮ್ಮ ಹತ್ತಿರದ್ದೇ ನೋಡಿ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಸೇರೋಕೆ ಬರೀಬೇಕಾದ ಕ್ಲಾಟ್ 2020ರಿಂದ ಪೂರ್ತಿ ಬದಲಾಗಿದೆ. ಈಗ ಎಲ್ಲ ಪ್ರಶ್ನೆಗಳೂ ಓದೋ ಭಾಗಗಳ ಮೇಲೇನೇ. ಇಂಗ್ಲಿಷಿಗೆ ಸುಮಾರು 450 ಪದದ ಪ್ಯಾಸೇಜು ಕೊಟ್ಟು, ಬರೆದವರ ವಾದ ಏನು, ಈ ಪದ ಇಲ್ಲಿ ಯಾವ ಅರ್ಥದಲ್ಲಿ ಬಂದಿದೆ ಅಂತ ಕೇಳ್ತಾರೆ. ಬನ್ನೇರುಘಟ್ಟ ರಸ್ತೆಯ ಐಐಎಂ ಗೇಟಿನ ಮುಂದೆ ನಾವು ದಿನಾ ಬಸ್ಸಲ್ಲಿ ಹೋಗ್ತೀವಲ್ಲ, ಅದರೊಳಗೆ ಹೋಗೋಕೆ ಬರೆಯೋ ಕ್ಯಾಟ್‌ನಲ್ಲೂ ಒಂಟಿ ಪದದ ಪ್ರಶ್ನೆ ಬಿಟ್ಟು ವರ್ಷಗಳಾದವು. ಇಂಗ್ಲಿಷ್ ಭಾಗದ ಬಹುಪಾಲು ಓದಿ ಅರ್ಥ ಮಾಡ್ಕೊಳ್ಳೋದೇ.

ಇವೆಲ್ಲ ಬದಲಾಗಿದ್ದಕ್ಕೆ ಒಂದು ಕಾರಣ ತಿಳ್ಕೊಂಡಿರಿ, ನಮ್ಮಂಥವರಿಗೆ ಅದು ಮುಖ್ಯ. ಹಳೇ ಸ್ಯಾಟ್‌ನ ಒಂದು ಪ್ರಶ್ನೆ ಬಹಳ ಕುಪ್ರಸಿದ್ಧಿ. ಓಟಗಾರನಿಗೆ ಮ್ಯಾರಥಾನ್ ಹೇಗೋ, ಹುಟ್ಟು ಹಾಕೋನಿಗೆ ರೆಗಟ್ಟಾ ಹಾಗೆ, ಅನ್ನೋದು ಅದರ ಉತ್ತರ. ರೆಗಟ್ಟಾ ಅಂದ್ರೆ ದೋಣಿ ಪಂದ್ಯ. ಸಿರಿವಂತರ ಮಕ್ಕಳು ಅಂಥ ಪಂದ್ಯ ನೋಡ್ಕೊಂಡೇ ಬೆಳೆದಿರ್ತಾರೆ, ಬಡವರ ಮಕ್ಕಳು ಆ ಪದಾನೇ ಕೇಳಿರಲ್ಲ. ಇದು ಬುದ್ಧಿಯ ಪರೀಕ್ಷೆಯೋ, ಅಪ್ಪನ ದುಡ್ಡಿನ ಪರೀಕ್ಷೆಯೋ ಅಂತ ಅಲ್ಲಿನವರೇ ಗಲಾಟೆ ಮಾಡಿದ್ರು. ಅವರು ಅಷ್ಟೆಲ್ಲ ಜಗಳ ಆಡಿ ಹಳೇ ಮಾದರಿ ಬಿಡೋ ಹಾಗಾಯ್ತು. ನಾವು ಬನಶಂಕರಿ ಸೆಕೆಂಡ್ ಸ್ಟೇಜಿನಲ್ಲಿ ಕೂತು ಅದೇ ಪಟ್ಟಿಯನ್ನ ದುಡ್ಡು ಕೊಟ್ಟು ತರಿಸ್ಕೊತಾ ಇದೀವಿ.

"ಬಿಟ್ಟ ಜಾಗ ತುಂಬೋಕಾದ್ರೂ ಪದ ಗೊತ್ತಿರ್ಬೇಕಲ್ವಾ?" ಅಂತೀರಿ. ಗೊತ್ತಿರ್ಬೇಕು. ಹೇಗೆ ಗೊತ್ತಿರ್ಬೇಕು ಅನ್ನೋದೇ ಪ್ರಶ್ನೆ. ನಮ್ಮನೆ ಮಾತಲ್ಲೇ ಒಂದು ಲೆಕ್ಕ ಹಾಕೋಣ. ಒಬ್ಬ ಹೆಂಗಸು. ಕೊತ್ತಂಬರಿ ದಂಟನ್ನೂ ಎಸೆಯಲ್ಲ, ಚಟ್ನಿಗೆ ಹಾಕ್ತಾಳೆ. ಹಳೇ ಸೀರೆಯಲ್ಲಿ ಕೌದಿ ಹೊಲೀತಾಳೆ. ಆದ್ರೆ ಬೀದೀಲಿ ಯಾರಿಗಾದ್ರೂ ಆಸ್ಪತ್ರೆ ಖರ್ಚು ಅಂದ್ರೆ ಎಲ್ಲರಿಗಿಂತ ಮೊದಲು ಅವಳ ಕೈ ಪರ್ಸಿಗೆ ಹೋಗುತ್ತೆ. ಅವಳನ್ನ ಏನಂತ ಕರೀತೀರಿ? ಇಂಗ್ಲಿಷಿನಲ್ಲಿ ಫ್ರೂಗಲ್ ಅಂತ ಒಂದು ಪದ ಇದೆ, ಪಾರ್ಸಿಮೋನಿಯಸ್ ಅಂತ ಇನ್ನೊಂದು. ಪಟ್ಟಿಯಲ್ಲಿ ಎರಡೂ 'ಖರ್ಚು ಕಡಿಮೆ ಮಾಡೋರು' ಅನ್ನೋ ಒಂದೇ ಗುಂಪಿನಲ್ಲಿ ಅಕ್ಕತಂಗಿಯರ ಹಾಗೆ ಕೂತಿರುತ್ತವೆ. ಉರು ಹೊಡೆದ ಹುಡುಗಿ ಯಾವುದಾದ್ರೂ ಒಂದನ್ನ ಹಾಕಿ ಬರ್ತಾಳೆ. ಆದ್ರೆ ನಮ್ಮ ಈ ಹೆಂಗಸು ಫ್ರೂಗಲ್ಲು, ಅಂದ್ರೆ ಹಿತಮಿತವಾಗಿ ಬದುಕೋಳು. ಪಾರ್ಸಿಮೋನಿಯಸ್ ಅಂದ್ರೆ ಅದು ಬೈಗುಳ, ಕೈ ಬಿಚ್ಚದ ಜಿಪುಣಿ. ಪರೀಕ್ಷೆ ಹಿಡಿಯೋದು ಈ ಕೂದಲೆಳೆಯ ವ್ಯತ್ಯಾಸವನ್ನ.

ಜಿಆರ್‌ಇಯಲ್ಲಿ ಒಂದು ಥರದ ಪ್ರಶ್ನೆ ಇದೆ. ಒಂದು ವಾಕ್ಯ, ಒಂದು ಖಾಲಿ ಜಾಗ, ಆರು ಪದ. ಎರಡು ಪದ ಆರಿಸಬೇಕು. ಯಾವುದನ್ನ ಹಾಕಿದ್ರೂ ವಾಕ್ಯದ ಅರ್ಥ ಒಂದೇ ಬರಬೇಕು. ಒಂದು ಸರಿ ಒಂದು ತಪ್ಪಾದ್ರೆ ಅರ್ಧ ಅಂಕ ಅಂತೇನೂ ಇಲ್ಲ, ಸೊನ್ನೆ. ಆರು ಪದಗಳ ನಡುವೆ ಅರ್ಥ ಹತ್ತಿರ ಇದ್ದು ವಾಕ್ಯಕ್ಕೆ ಹೊಂದದ ಜೋಡಿಯೂ ಇರಬಹುದು. ಉರು ಹೊಡೆದು ಬಂದ ಮಗು ಎರಡು ಸಮಾನಾರ್ಥ ಕಂಡ ತಕ್ಷಣ ಅಲ್ಲಿಗೇ ಹೋಗಿ ಬೀಳುತ್ತೆ. ವಾಕ್ಯ ಓದೋ ಅಭ್ಯಾಸ ಇರೋ ಮಗು ನಿಂತು ಯೋಚಿಸುತ್ತೆ.

ಇನ್ನು ಬರವಣಿಗೆಗೆ ಬನ್ನಿ. ಪಟ್ಟಿಯಲ್ಲಿ 'ನೊಟೋರಿಯಸ್' ಎದುರು 'ಹೆಸರುವಾಸಿ' ಅಂತ ಒಂದೇ ಮಾತಲ್ಲಿ ಬರ್ಕೊಂಡ ಹುಡುಗ ತನ್ನ ಅರ್ಜಿಯಲ್ಲಿ "ನೊಟೋರಿಯಸ್ ಪ್ರೊಫೆಸರ್ ಕೈಕೆಳಗೆ ಪ್ರಾಜೆಕ್ಟ್ ಮಾಡಿದೆ" ಅಂತ ಬರೆದ್ರೆ ಏನಾಗುತ್ತೆ? ಪಾಪ ಆ ಮೇಷ್ಟ್ರು, ಕುಖ್ಯಾತ ಕಳ್ಳರ ಸಾಲಿಗೆ ಸೇರಿದ್ರು. ಪದದ ಅರ್ಥ ಗೊತ್ತಿತ್ತು, ಪದದ ನಡತೆ ಗೊತ್ತಿರಲಿಲ್ಲ. ಸೊಸೆ ತರೋವಾಗ ಬರೀ ಫೋಟೋ ನೋಡಿ ತರ್ತೀರಾ? ಅವಳು ಮನೇಲಿ ಹೇಗೆ ಮಾತಾಡ್ತಾಳೆ, ಯಾರ ಜೊತೆ ಹೇಗಿರ್ತಾಳೆ ಅಂತ ನೋಡಲ್ವಾ? ಪದವೂ ಹಾಗೇ. ನಾಲ್ಕು ವಾಕ್ಯದಲ್ಲಿ, ನಾಲ್ಕು ಸಂದರ್ಭದಲ್ಲಿ ಎದುರಾದ ಮೇಲೇನೇ ಅದು ನಮ್ಮದಾಗೋದು.

ಇದು ನಾನು ಹೊಸದಾಗಿ ಹೇಳ್ತಿರೋದಲ್ಲ. ನಮ್ಮ ಜಯನಗರದಲ್ಲೇ ಬಾಳಿದ ಒಬ್ಬ ಹಿರಿಯರು ಇದನ್ನ ಬದುಕಿ ತೋರಿಸಿದಾರೆ. ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರ ಏಪ್ರಿಲ್‌ನಲ್ಲಿ, 107 ವರ್ಷ ತುಂಬಿದ ಮೇಲೆ ಹೋದ ನಿಘಂಟಿನ ಅಜ್ಜ. ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿದವರು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ಕನ್ನಡ-ಕನ್ನಡ ನಿಘಂಟಿಗೆ ಸಂಪಾದಕರಾಗಿ ದುಡಿದವರು. ಆ ನಿಘಂಟು ಬರೀ ಪದ ಮತ್ತು ಅರ್ಥದ ಪಟ್ಟಿ ಅಲ್ಲ. ಶಾಸನದಲ್ಲಿ ಈ ಪದ ಹೇಗೆ ಬಂತು, ಹಳೇ ಕಾವ್ಯದಲ್ಲಿ ಹೇಗೆ ಬಂತು ಅಂತ ಪ್ರಯೋಗ ಹುಡುಕಿ ಕೊಟ್ಟಿದಾರೆ. ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣ ನೆನಪಿದೆ ತಾನೆ? ಓದುಗರು ಒಂದು ಪದ ಕೇಳೋರು, ಅವರು ಅದರ ಹುಟ್ಟು, ಬಳಕೆ, ಸರಿ ತಪ್ಪು ಎಲ್ಲ ಬಿಡಿಸಿ ಹೇಳೋರು. ಒಂದೊಂದು ಪದದ ಬೆನ್ನು ಹತ್ತಿ ಅಷ್ಟು ದೂರ ಹೋದ ಮನುಷ್ಯರು ಓಡಾಡಿದ ಬೀದೀಲಿ ನಾವು ದಿನಕ್ಕೆ ಮೂವತ್ತು ಪದ ಮಕ್ಕಳ ಬಾಯಿಗೆ ತುರುಕ್ತಾ ಇದೀವಲ್ಲ.

ತುರುಕಿದ್ದು ಉಳಿಯೋದೂ ಇಲ್ಲ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿದ್ವಾಂಸ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು, 1885ರಲ್ಲೇ ಪುಸ್ತಕ ಬರೆದು ತೋರಿಸಿದ. ಅರ್ಥವಿಲ್ಲದ ಅಕ್ಷರಗಳನ್ನ ಉರು ಹೊಡೆದ್ರೆ ಹೆಚ್ಚು ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತು ಹೋಗುತ್ತೆ. ವಾಕ್ಯವಿಲ್ಲದ ಪದಾನೂ ಮಗುವಿಗೆ ಹೆಚ್ಚೂ ಕಡಿಮೆ ಅರ್ಥವಿಲ್ಲದ ಅಕ್ಷರವೇ. ಅದೇ ಒಂದು ಕಥೆ ಜೊತೆ ಬಂದ ಪದ ನೋಡಿ. ಲಕಾನಿಕ್ ಅಂದ್ರೆ ಚುಟುಕು ಮಾತಿನವರು. ಗ್ರೀಸಿನ ಲಕೋನಿಯಾ ಸೀಮೆಯ ಸ್ಪಾರ್ಟಾದವರು ಹಾಗಿದ್ರಂತೆ. ಮ್ಯಾಸಿಡೋನಿಯಾದ ದೊರೆ ಫಿಲಿಪ್ಪ, "ನಾನು ನಿಮ್ಮ ನಾಡಿಗೆ ನುಗ್ಗಿದರೆ ನಿಮ್ಮನ್ನ ನಿರ್ನಾಮ ಮಾಡ್ತೀನಿ" ಅಂತ ಹೇಳಿ ಕಳಿಸಿದ. ಇವರ ಉತ್ತರ ಒಂದೇ ಮಾತು: "ನುಗ್ಗಿದರೆ." ಈಗ ಹೇಳಿ, ಇದನ್ನ ಮರೀತೀರಾ?

ಇಷ್ಟು ಹೊತ್ತು ಪರೀಕ್ಷೆ ಮಾತಾಯ್ತು. ನನಗೆ ನಿಜವಾಗಿ ಹೊಟ್ಟೆ ಉರಿಸಿದ್ದು ಬೇರೆ. ನಮ್ಮ ಬೀದಿ ಕೊನೆಯ ಮನೇಲಿ ಒಂದು ಹುಡುಗಿ. ಹತ್ತನೇ ತರಗತಿ ತನಕ ಕನ್ನಡ ಮೀಡಿಯಂ. ತಂದೆ ಆಟೋ ಓಡಿಸ್ತಾರೆ. ಅವಳಿಗೆ ಲಾ ಓದೋ ಆಸೆ. ಒಂದು ಕೋಚಿಂಗ್ ಸೆಂಟರಿಗೆ ವಿಚಾರಿಸೋಕೆ ಹೋದ್ರೆ, ಅವತ್ತೇ ಐವತ್ತು ಪದದ ಒಂದು ಟೆಸ್ಟ್ ಕೊಟ್ರು. ಹದಿಮೂರು ಸರಿ. "ವೊಕ್ಯಾಬ್ ತುಂಬಾ ವೀಕು, ಸ್ಪೆಷಲ್ ಬ್ಯಾಚ್ ಸೇರ್ಬೇಕಾಗುತ್ತೆ" ಅಂದ್ರಂತೆ. ಆ ಬ್ಯಾಚಿನ ಫೀಸು ಕೇಳಿ ಅವಳಮ್ಮ "ಇದು ನಮ್ಮಂಥೋರಿಗಲ್ಲ ಬಿಡಮ್ಮ" ಅಂದ್ರು. ಹುಡುಗಿ ಅರ್ಜಿಯನ್ನೇ ಹಾಕಲಿಲ್ಲ.

ಆ ಹುಡುಗಿ ದಿನಾ ಅಜ್ಜಿಗೆ ಪೇಪರ್ ಓದಿ ಹೇಳ್ತಾಳೆ. ಕೋರ್ಟಿನ ತೀರ್ಪು ಬಂದ್ರೆ, "ಅಂದ್ರೆ ಏನಜ್ಜಿ ಅಂದ್ರೆ..." ಅಂತ ಬಿಡಿಸಿ ಹೇಳ್ತಾಳೆ. ಯಾರು ಏನು ವಾದ ಮಾಡಿದ್ರು, ಆ ವಾದದಲ್ಲಿ ತೂತು ಎಲ್ಲಿದೆ ಅಂತ ಅವಳಿಗೆ ಗೊತ್ತಾಗುತ್ತೆ. ಈಗಿನ ಕ್ಲಾಟ್ ಹುಡುಕೋದು ಇದೇ ಗುಣವನ್ನ. ಪರೀಕ್ಷೆಯಲ್ಲಿ ಇಲ್ಲದ ಒಂದು ಪ್ರಶ್ನೆಪತ್ರಿಕೆ ಕೊಟ್ಟು, ಪರೀಕ್ಷೆಗೆ ಬೇಕಾದ ಬುದ್ಧಿ ಇರೋ ಹುಡುಗಿಯನ್ನ ಬಾಗಿಲಲ್ಲೇ ವಾಪಸ್ ಕಳಿಸಿದ್ರು. ಪದಪಟ್ಟಿ ಅಂದ್ರೆ ಪಾಪದ್ದು, ಓದ್ಕೊಂಡ್ರೆ ನಷ್ಟ ಏನು ಅಂತೀರಲ್ಲ, ನಷ್ಟ ಇದು. ಅದು ಮಕ್ಕಳನ್ನ ಹೆದರಿಸುತ್ತೆ. ದುಡ್ಡಿರೋರ ಮನೆ ಮಗು ಹೆದರಿಕೊಂಡು ಕ್ಲಾಸಿಗೆ ಸೇರುತ್ತೆ, ಇಲ್ಲದ ಮನೆ ಮಗು ಹೆದರಿಕೊಂಡು ಹಿಂದೆ ಸರಿಯುತ್ತೆ.

ಹೆದರಿಸೋರಿಗೆ ಲಾಭ ಇದೆ, ಅದನ್ನ ಅರ್ಥ ಮಾಡ್ಕೊಳ್ಳಿ. ಓದೋ ಅಭ್ಯಾಸವನ್ನ ಪ್ಯಾಕೆಟ್ ಮಾಡಿ ಮಾರೋಕಾಗಲ್ಲ. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ, ಅದು ಮನೇಲಿ ಆಗೋ ಕೆಲಸ. ಪಟ್ಟಿಯನ್ನ ಮಾತ್ರ ಸುಲಭವಾಗಿ ಮಾರಬಹುದು, ಎಣಿಸಬಹುದು, ವಾರಕ್ಕೊಂದು ಟೆಸ್ಟ್ ಇಡಬಹುದು. ನಮಗೂ ಅಷ್ಟೇ. "ಎಷ್ಟು ಪದ ಆಯ್ತು?" ಅಂತ ಕೇಳೋದು ಸುಲಭ. "ಏನು ಓದ್ದೆ, ಅದರಲ್ಲಿ ಏನಿದೆ ಹೇಳು" ಅಂತ ಕೇಳೋಕೆ ನಾವೂ ಅರ್ಧ ಗಂಟೆ ಕೂರಬೇಕು. ಆ ಅರ್ಧ ಗಂಟೆ ಉಳಿಸೋಕೆ ಸಾವಿರಾರು ರೂಪಾಯಿ ಕಟ್ತಾ ಇದೀವಿ.

ಇನ್ನು ಕನ್ನಡದ ವಿಷಯ. "ಪರೀಕ್ಷೆ ಮುಗಿಯೋ ತನಕ ಮನೇಲಿ ಕನ್ನಡ ಬೇಡ, ಇಂಗ್ಲಿಷಲ್ಲೇ ಮಾತಾಡೋಣ" ಅಂತ ಎಷ್ಟು ಮನೇಲಿ ಕಟ್ಟಳೆ ಆಗಿದೆ ಹೇಳಿ. ಅಜ್ಜಿ ಜೊತೆ ಮಾತಾಡೋಕೂ ಮಗುವಿಗೆ ಸಂಕೋಚ. ಇದರಿಂದ ಇಂಗ್ಲಿಷ್ ಬೆಳೆಯುತ್ತೆ ಅಂದ್ಕೊಂಡಿದೀರಿ. ನಮ್ಮ ಆ ಮನೆ ಇಂಗ್ಲಿಷ್ ಎಷ್ಟು ಇರುತ್ತೆ? "ಈಟ್ ಮಾಡು, ಬಾತ್ ಮಾಡು, ಫಾಸ್ಟ್ ಫಾಸ್ಟ್." ಇದರಲ್ಲಿ ಮುನ್ನೂರು ಪದ ಇದ್ರೆ ಹೆಚ್ಚು. ಅದೇ ಕನ್ನಡದಲ್ಲಿ ಮಾತಾಡೋವಾಗ ನೋಡಿ. ಮಾತಾಡೋರಲ್ಲೇ ಎಷ್ಟು ಜಾತಿ: ಮಾತುಗಾತಿ, ವಾಚಾಳಿ, ಬಾಯಿಬಡುಕಿ, ಚಾಡಿಕೋರಿ, ಮಿತಭಾಷಿ, ಮಾತೇ ಆಡದ ಗುಮ್ಮ. ಇಂಗ್ಲಿಷಿನ ಎಲೊಕ್ವೆಂಟ್, ಗ್ಯಾರುಲಸ್, ರೆಟಿಸೆಂಟ್ ಎಲ್ಲಾ ನಮ್ಮ ಜಗಲಿ ಮೇಲೇ ಕೂತಿದಾರೆ. ಬಾಯಿಬಡುಕಿಗೂ ಮಾತುಗಾತಿಗೂ ವ್ಯತ್ಯಾಸ ಗೊತ್ತಿರೋ ಮಗುವಿಗೆ ಗ್ಯಾರುಲಸ್‌ಗೂ ಎಲೊಕ್ವೆಂಟ್‌ಗೂ ವ್ಯತ್ಯಾಸ ಹೇಳೋಕೆ ಒಂದು ನಿಮಿಷ ಸಾಕು. ಗೊತ್ತಿಲ್ಲದ ಮಗು ಎರಡನ್ನೂ 'ಟಾಕಿಂಗ್' ಅಂತ ಬರ್ಕೊಳ್ಳುತ್ತೆ.

ಇನ್ನೊಂದು ಗುಟ್ಟು ಹೇಳ್ತೀನಿ. ನಮ್ಮ ಕನ್ನಡ ದ್ರಾವಿಡ ಭಾಷೆ ನಿಜ, ಆದ್ರೆ ನಮ್ಮ ಬಾಯಲ್ಲಿ ಸಂಸ್ಕೃತದ ಪದ ಹೇರಳವಾಗಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬೇರಿನವು ಇರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ. ಇಂಗ್ಲಿಷಿನ ಕಷ್ಟದ ಪದಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್‌ನಿಂದ ಬಂದಿದ್ದು. ಹಾಗಾಗಿ ಅವು ನಮಗೆ ದೂರದ ನೆಂಟರು. ಇಗ್ನೈಟ್‌ನಲ್ಲಿ ಅಗ್ನಿ ಇದಾನೆ. ಪೆಡೆಸ್ಟ್ರಿಯನ್‌ನಲ್ಲಿ ಪಾದ ಇದೆ. ನೇವಲ್‌ನಲ್ಲಿ ನೌಕೆ. ಸಾಯೋ ಸ್ಥಿತಿಯಲ್ಲಿರೋ ಮಾರಿಬಂಡ್‌ನಲ್ಲಿ ಮೃತದ ಬೇರು. ಅನಾನಿಮಸ್ ಅಂದ್ರೆ ನಮ್ಮ ಅನಾಮಿಕನೇ. ಮ್ಯಾಗ್ನಾನಿಮಸ್ ಬಿಡಿಸಿದ್ರೆ ದೊಡ್ಡ ಆತ್ಮ, ಅಂದ್ರೆ ಮಹಾತ್ಮ ಅನ್ನೋ ಪದ ಕಟ್ಟಿದ ಹಾಗೇ ಕಟ್ಟಿದ್ದು. ಡಿಸ್ಪೆಪ್ಟಿಕ್ ಅನ್ನೋ ಪದ ಕಂಡ್ರೆ ಮಕ್ಕಳು ಬೆದರ್ತಾರೆ. ಅದರಲ್ಲಿರೋ ಡಿಸ್ ನಮ್ಮ 'ದುಷ್', ಪೆಪ್ಟ್ ನಮ್ಮ 'ಪಚನ'ದ ಬೇರು. ಅನ್ನ ಪಚನ ಆಗದೆ ಹೊಟ್ಟೆ ಕೆಟ್ಟು ಸಿಡಸಿಡ ಅನ್ನೋ ಮಾವನವರು ಅಂತ ಹೇಳಿದ್ರೆ ಮುಗೀತು. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ, ಮುಂದಿನ ಒಂದು ತುಂಡು ಬದಲಾದ್ರೆ ಅರ್ಥ ಹೇಗೆ ತಿರುಗುತ್ತೆ ಅಂತ ಕನ್ನಡ ಓದಿದ ಮಗು ಬಲ್ಲದು. ಇಂಗ್ಲಿಷ್ ಪದ ಬಿಡಿಸೋಕೂ ಇದೇ ಕೀಲಿಕೈ. ಆ ಕೀಲಿಕೈ ಬಾವಿಗೆ ಹಾಕಿ, ಬೀಗ ಒಡೆಯೋಕೆ ಟ್ಯೂಷನ್ ಇಡ್ತಾ ಇದೀವಿ.

ಕನ್ನಡ ಇಟ್ಕೊಂಡು ಇಂಗ್ಲಿಷಿನಲ್ಲಿ ಮೇಲೆ ಹೋದವರಿಲ್ವಾ? ಎ.ಕೆ. ರಾಮಾನುಜನ್ ಮೈಸೂರಿನವರು. ಮನೇಲಿ ತಾಯಿ ಜೊತೆ ತಮಿಳು, ಬೀದೀಲಿ ಕನ್ನಡ, ತಂದೆ ಜೊತೆ ಇಂಗ್ಲಿಷ್. ಮೂರೂ ಇಟ್ಕೊಂಡೇ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ರು, ನಮ್ಮ ವಚನಗಳನ್ನ ಇಂಗ್ಲಿಷಿಗೆ ತಂದು 1973ರಲ್ಲಿ ಪುಸ್ತಕ ಮಾಡಿದ್ರು. ಅದೆಲ್ಲ ಗಂಡಸರ ಕಥೆ, ಹಳೇ ಕಥೆ ಅಂತೀರಾ? 2025ರ ಮೇ ತಿಂಗಳು ನೆನಪು ಮಾಡ್ಕೊಳ್ಳಿ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನ ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಕನ್ನಡಕ್ಕೆ ಅದೇ ಮೊದಲು. ನಾವೆಲ್ಲ ವಾಟ್ಸಾಪ್‌ನಲ್ಲಿ ಹಂಚಿಕೊಂಡು ಕುಣಿದ್ವಿ. ಆ ಇಂಗ್ಲಿಷ್ ಕನ್ನಡ ಬಿಟ್ಟ ಮನೆಯಿಂದ ಬಂದಿದ್ದಲ್ಲ. ಕನ್ನಡ ಮಾತಿನ ಪದಗಳನ್ನ ಹಾಗೇ ಉಳಿಸ್ಕೊಂಡು ಬರೆದ ಇಂಗ್ಲಿಷ್ ಅದು.

ಸರಿ, "ಪರೀಕ್ಷೆಗೆ ಮೂರೇ ತಿಂಗಳಿದೆ, ಈಗ ಕಥೆಪುಸ್ತಕ ಹಿಡ್ಕೊಂಡು ಕೂತ್ರೆ ಆಗುತ್ತಾ?" ಅನ್ನೋರಿಗೆ ನೇರವಾಗಿ ಹೇಳ್ತೀನಿ. ಮೊದಲು, ಆ ಪರೀಕ್ಷೆ ಬೇಕೇ ಬೇಕಾ ಅಂತ ನೋಡಿ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಹಲವು ಕೋರ್ಸುಗಳಿಗೆ ಜಿಆರ್‌ಇ ಕೇಳೋದನ್ನೇ ಬಿಟ್ಟಿವೆ. ಅದಕ್ಕೆ ಫೀಸು ಇಪ್ಪತ್ತು ಸಾವಿರ ರೂಪಾಯಿ ಮೇಲಿದೆ. ಸೇರಬೇಕಾದ ಕಾಲೇಜಿನ ಪುಟ ಓದದೇ ದುಡ್ಡು ಕಟ್ಟಬೇಡಿ. ಸ್ಯಾಟ್ ಕಥೆ ಉಲ್ಟಾ. ಕೋವಿಡ್ ಸಮಯದಲ್ಲಿ ಬಿಟ್ಟಿದ್ದ ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಮತ್ತೆ ಬೇಕು ಅಂದಿವೆ. ಆದ್ದರಿಂದ ಯಾರೋ ಹೇಳಿದ್ದು ಕೇಳಬೇಡಿ, ಆಯಾ ಕಾಲೇಜಿನದ್ದನ್ನೇ ನೋಡಿ.

ಎರಡನೇದು, ಪರೀಕ್ಷೆ ನಡೆಸೋರೇ ಬಿಟ್ಟಿ ಕೊಡೋ ಮಾದರಿ ಪರೀಕ್ಷೆ ಮೊದಲು ಮಾಡಿಸಿ. ಇಟಿಎಸ್‌ನವರ ಪವರ್‌ಪ್ರೆಪ್‌ನಲ್ಲಿ ಜಿಆರ್‌ಇಗೆ ಎರಡು ಪೂರ್ತಿ ಪರೀಕ್ಷೆ ದುಡ್ಡಿಲ್ಲದೆ ಸಿಗುತ್ತೆ. ಸ್ಯಾಟ್‌ಗೆ ಬ್ಲೂಬುಕ್ ಆ್ಯಪ್ ಇದೆ, ಖಾನ್ ಅಕಾಡೆಮಿ ಪಾಠ ಇದೆ, ಎರಡೂ ಉಚಿತ. ಮಗು ಎಲ್ಲಿ ಎಡವುತ್ತೆ ಅಂತ ಅಲ್ಲಿ ಗೊತ್ತಾಗುತ್ತೆ. ಪದ ಗೊತ್ತಿಲ್ಲದೇ ಎಡವಿತಾ, ವಾಕ್ಯ ಅರ್ಥ ಆಗದೇ ಎಡವಿತಾ? ಗೊತ್ತಿರೋ ಪದಗಳೇ ಸೇರಿ ಆದ ಉದ್ದ ವಾಕ್ಯದಲ್ಲೂ ಮಕ್ಕಳು ಕಳೆದುಹೋಗ್ತಾರೆ. ಅದಕ್ಕೆ ಪಟ್ಟಿಯಲ್ಲಿ ಔಷಧಿ ಇಲ್ಲ.

ಮೂರನೇದು, ದಿನಕ್ಕೆ ಒಂದು ಒಳ್ಳೆ ಲೇಖನ. ಪೇಪರಿನ ಸಂಪಾದಕೀಯವೋ, ವಿಜ್ಞಾನದ್ದೋ, ಇತಿಹಾಸದ್ದೋ. ಅದರಲ್ಲಿ ಸಿಕ್ಕಿದ ಗೊತ್ತಿಲ್ಲದ ಪದದಲ್ಲಿ ಎಂಟು ಹತ್ತು ಮಾತ್ರ ಆರಿಸಿ, ಚೀಟಿ ಮೇಲೆ ಪದ ಬರೆದು, ಹಿಂದುಗಡೆ ಅದು ಬಂದಿದ್ದ ವಾಕ್ಯ, ತನ್ನದೇ ಒಂದು ವಾಕ್ಯ, ಒಂದು ಕನ್ನಡ ಮಾತು. ಈಗ ನಿಮ್ಮ ಹಳೇ ಮಸಾಲೆ ಡಬ್ಬಿ ತೆಗೀರಿ, ಬಟ್ಟಲಿರೋದು. ಹೊಸ ಚೀಟಿ ಮೊದಲ ಬಟ್ಟಲಿಗೆ, ಅದನ್ನ ದಿನಾ ನೋಡೋದು. ಸರಿ ಹೇಳಿದ್ರೆ ಎರಡನೇ ಬಟ್ಟಲಿಗೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದ್ರೆ ಮೂರನೇದು, ವಾರಕ್ಕೊಮ್ಮೆ. ತಪ್ಪಿದ್ರೆ ವಾಪಸ್ ಮೊದಲ ಬಟ್ಟಲಿಗೆ. ಈ ಉಪಾಯವನ್ನ ಲೈಟ್ನರ್ ಅನ್ನೋನು 1972ರ ತನ್ನ ಜರ್ಮನ್ ಪುಸ್ತಕದಲ್ಲಿ ಹೇಳಿದ್ದು. ಅವನು ರಟ್ಟಿನ ಪೆಟ್ಟಿಗೆ ಅಂದ, ನಮಗೆ ಸ್ಟೀಲ್ ಡಬ್ಬಿ ಇದೆ. ಮೂರು ತಿಂಗಳಲ್ಲಿ ಎಂಟುನೂರು ಪದದ ಹತ್ತಿರ ಆಗುತ್ತೆ, ಎಲ್ಲವೂ ವಾಕ್ಯದ ಜೊತೆ. ಅಂಗಡಿ ಪಟ್ಟಿ ಬೇಕೇ ಬೇಕು ಅಂದ್ರೆ ಕೊನೇ ಎರಡು ವಾರ ಕಣ್ಣಾಡಿಸಲಿ, ಗೊತ್ತಿರೋದನ್ನ ಟಿಕ್ ಮಾಡೋಕೆ.

ಇನ್ನೂ ಚಿಕ್ಕ ಮಕ್ಕಳಿರೋ ಮನೆಯವರಿಗೆ ಒಂದು ಮಾತು. ನೀವು ವರ್ಷ ವರ್ಷ ಆಸ್ತಿ ತೆರಿಗೆ ಕಟ್ತೀರಲ್ಲ, ಆ ರಸೀತಿ ಸರಿಯಾಗಿ ಓದಿ. ಅದರಲ್ಲಿ ಗ್ರಂಥಾಲಯಕ್ಕೆ ಅಂತ ಕರ ಇದೆ, ತೆರಿಗೆಯ ಮೇಲೆ ಶೇಕಡ 6. ಆ ದುಡ್ಡು ಆಗಲೇ ಕೊಟ್ಟಾಗಿದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಇಂಗ್ಲಿಷ್ ಪುಸ್ತಕಾನೂ ಇದೆ, ಕನ್ನಡ ಪುಸ್ತಕಾನೂ ಇದೆ. ಭಾನುವಾರ ಮಾಲ್‌ಗೆ ಹೋಗೋ ಮುಂಚೆ ಅಲ್ಲಿ ಒಂದು ಗಂಟೆ. "ಕಥೆಪುಸ್ತಕ ಇಡು, ಓದ್ಕೋ" ಅನ್ನೋ ಮಾತು ನಿಮ್ಮ ಬಾಯಿಂದ ಇನ್ಮೇಲೆ ಬರ್ಬಾರ್ದು. ಕಥೆಪುಸ್ತಕ ಓದೋದೂ ಓದೇ.

ಬೀದಿ ಕೊನೆ ಮನೆ ಹುಡುಗಿಗೆ ಮುಂದಿನ ಸಲದ ಅರ್ಜಿ ನಾವು ಮೂರು ಮನೆಯವರು ಸೇರಿ ಹಾಕಿಸ್ತೀವಿ ಅಂತ ಮಾತಾಡ್ಕೊಂಡಿದೀವಿ. ಇಂಗ್ಲಿಷ್ ಪೇಪರ್ ನಮ್ಮನೇದು, ಕಂಪ್ಯೂಟರ್ ಮಹಡಿ ಮನೆಯವರದ್ದು, ಅರ್ಜಿ ಫೀಸು ಎದುರು ಮನೆಯವರದ್ದು. ನಿಮ್ಮ ಬೀದೀಲೂ ಇಂಥ ಒಬ್ಬಳು ಇದ್ದೇ ಇರ್ತಾಳೆ, ಹುಡುಕಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವಿಗೆ ಪದ ಒಪ್ಪಿಸು ಅನ್ನಬೇಡಿ. "ಇವತ್ತು ಇಂಗ್ಲಿಷಲ್ಲಿ ಏನೋ ಓದ್ತಿದ್ಯಲ್ಲ, ನನಗೆ ಕನ್ನಡದಲ್ಲಿ ಹೇಳು" ಅನ್ನಿ. ಹೇಳೋಕೆ ತಡವರಿಸಿದ್ರೆ ಕಾಯಿರಿ, ಪದ ಹುಡುಕಲಿ. ಹುಡುಕೋದನ್ನ ಕಲಿತ ಮಗುವಿಗೆ ಯಾವ ಭಾಷೆಯಲ್ಲಾದ್ರೂ ಪದ ಸಿಗುತ್ತೆ.